ಶೆಲ್ಟರ್‌ನಲ್ಲಿ ಬೆಕ್ಕುಗಳನ್ನ ಸಾಯಿಸೋದು ಕಮ್ಮಿ ಆಗ್ಬೇಕಂದ್ರೆ ಹೊರಗಡೆ ನಾವು ಮಾಡ್ಬೇಕಾದ ಕೆಲಸ

ಶೆಲ್ಟರ್‌ನಲ್ಲಿ, ಅಂದ್ರೆ ದಿಕ್ಕಿಲ್ಲದ ಪ್ರಾಣಿಗಳನ್ನ ಇಟ್ಟು ನೋಡ್ಕೊಳ್ಳೋ ಜಾಗದಲ್ಲಿ, ಆರೋಗ್ಯವಾಗಿರೋ ಬೆಕ್ಕಿಗೂ ಇಂಜೆಕ್ಷನ್ ಕೊಟ್ಟು ಸಾಯಿಸ್ತಾರೆ ಅಂತ ಮೊದಲ ಸಲ ಗೊತ್ತಾದಾಗ ನನಗೆ ಬಂದ ಕೋಪ ಪೂರ್ತಿ ಶೆಲ್ಟರ್‌ನವರ ಮೇಲೆ. ಆಮೇಲೆ ಒಂದು ಕಡೆ ವಾಲಂಟಿಯರ್ ಆಗಿ ಸೇರ್ಕೊಂಡು ಪಂಜರ ತೊಳೆಯೋಕೆ ಶುರು ಮಾಡಿದ್ಮೇಲೆ ಅರ್ಥ ಆಯ್ತು, ಅಲ್ಲಿರೋ ಪಂಜರಗಳು ಇಷ್ಟೇ ಅಂತ ಲೆಕ್ಕ, ಮರಿಗಳ ಸೀಸನ್ ಬಂದ್ರೆ ಬೆಳಿಗ್ಗೆ ಬಾಗಿಲು ತೆಗೆಯೋ ಹೊತ್ತಿಗೆ ರಟ್ಟಿನ ಡಬ್ಬದಲ್ಲಿ ನಾಲ್ಕು ಐದು ಮರಿ ಇಟ್ಟು ಯಾರೋ ಹೋಗಿರ್ತಾರೆ, ಅವಕ್ಕೆ ಜಾಗ ಆಗ್ಬೇಕಂದ್ರೆ ಇನ್ನೊಂದರ ಜಾಗ ಖಾಲಿ ಆಗ್ಬೇಕು. ಇಂಜೆಕ್ಷನ್ ಹಿಡ್ಕೊಂಡೋರು ಅಳ್ತಾ ಕೆಲಸ ಮಾಡ್ತಾರೆ. ಆ ಬೆಕ್ಕು ಉಳಿಯುತ್ತಾ ಇಲ್ವಾ ಅನ್ನೋದು ಅದು ಬಾಗಿಲಿಗೆ ಬರೋಕೆ ಮುಂಚೇನೇ, ಹೊರಗಡೆ, ನಮ್ಮನಿಮ್ಮಂಥೋರ ಕೈಯಲ್ಲಿ ಮುಕ್ಕಾಲು ಪಾಲು ತೀರ್ಮಾನ ಆಗಿರುತ್ತೆ. ಅದಕ್ಕೇ ಇದನ್ನ ಬರೀತಿರೋದು.

ಇನ್ನೊಂದು ಮಾತು ಮೊದಲೇ ಹೇಳ್ಬಿಡ್ತೀನಿ. ವಾಸಿಯಾಗದ ಕಾಯಿಲೆಯಲ್ಲಿ ನರಳ್ತಿರೋ ಜೀವಕ್ಕೆ ನೋವಿಲ್ಲದ ಸಾವು ಕೊಡೋದು ದಯಾಮರಣ, ಅದಕ್ಕೆ ನನ್ನ ವಿರೋಧ ಇಲ್ಲ. ಜಾಗ ಇಲ್ಲ ಅಂತ ಸಾಯಿಸೋದಕ್ಕೂ ಅದೇ ಹೆಸರು ಇಡ್ತಾರಲ್ಲ, ಅದನ್ನ ನಾನು ಒಪ್ಪಲ್ಲ. ಅಮೆರಿಕದ ಎಎಸ್‌ಪಿಸಿಎ ಅನ್ನೋ ಪ್ರಾಣಿದಯಾ ಸಂಸ್ಥೆಯ ಅಂದಾಜಿನ ಪ್ರಕಾರ ಅಲ್ಲಿನ ಶೆಲ್ಟರ್‌ಗಳಲ್ಲಿ 2011ರಲ್ಲಿ ನಾಯಿ ಬೆಕ್ಕು ಸೇರಿ ಸುಮಾರು 26 ಲಕ್ಷ ಪ್ರಾಣಿಗಳನ್ನ ಸಾಯಿಸ್ತಿದ್ರು, 2019ರ ಹೊತ್ತಿಗೆ ಅದು 9,20,000ಕ್ಕೆ ಇಳೀತು, ಅದರಲ್ಲಿ 5,30,000 ಬೆಕ್ಕುಗಳೇ. ಇಳಿದಿದೆ ಅನ್ನೋದು ಮುಖ್ಯ. ಅಂದ್ರೆ ಇದು ಹಣೆಬರಹ ಅಲ್ಲ, ಕೆಲಸ ಮಾಡಿದ್ರೆ ಕಮ್ಮಿ ಆಗುತ್ತೆ.

ಮೊದಲು ನಿಮ್ಮ ಮನೆ ಬೆಕ್ಕು

ಹೆಣ್ಣುಬೆಕ್ಕು ನಾಲ್ಕು ತಿಂಗಳಿಗೇ ಬೆದೆಗೆ ಬಂದು ಗಬ್ಬ ಆಗ್ಬಹುದು, ಇದು ತುಂಬಾ ಜನಕ್ಕೆ ಗೊತ್ತಿಲ್ಲ, ಇನ್ನೂ ಮರಿ ಅಲ್ವಾ ಅಂದ್ಕೊಂಡು ಸುಮ್ನಿರ್ತಾರೆ. ಗಬ್ಬದ ಅವಧಿ ಬರೀ ಒಂಬತ್ತು ವಾರ. ಮರಿಗೆ ಹಾಲು ಕೊಡ್ತಿರೋವಾಗ್ಲೇ ಮತ್ತೆ ಗಬ್ಬ ಆಗುತ್ತೆ. ಹಗಲು ಉದ್ದ ಇರೋ ತಿಂಗಳುಗಳಲ್ಲಿ ಬೆದೆ ಮೇಲೆ ಬೆದೆ. ಹೀಗಿರೋವಾಗ ಒಂದು ವರ್ಷ ಆಗ್ಲಿ, ಮರಿ ಆಗದ ಹಾಗೆ ಆಪರೇಷನ್ ಮಾಡಿಸೋಣ ಅಂತ ಕಾಯೋದ್ರಲ್ಲಿ ಎರಡು ಸಲ ಮರಿ ಹಾಕಿ ಮುಗಿದಿರುತ್ತೆ. ಅದಕ್ಕೇ ಪಶುವೈದ್ಯರು ಈಗ ಐದು ತಿಂಗಳ ಒಳಗೆ ಮಾಡಿಸಿ ಅಂತ ಹೇಳ್ತಾರೆ, ಅಮೆರಿಕದ ಪಶುವೈದ್ಯರ ಸಂಘ ಎವಿಎಂಎ 2017ರಲ್ಲಿ ಈ ಸಲಹೆಗೆ ಒಪ್ಪಿಗೆ ಕೊಟ್ಟಿದೆ. ಶೆಲ್ಟರ್ ಮರಿಗಳಿಗೆ ಎಂಟು ವಾರ, ಸುಮಾರು ಒಂದು ಕೆಜಿ ತೂಕ ಬಂದ ತಕ್ಷಣ ಮಾಡ್ತಾರೆ, ಅಭ್ಯಾಸ ಇರೋ ಡಾಕ್ಟರ್ ಕೈಯಲ್ಲಿ ಅವು ದೊಡ್ಡ ಬೆಕ್ಕಿಗಿಂತ ಬೇಗ ಚೇತರಿಸ್ಕೊಳ್ತವೆ.

ಒಂದು ಸಲ ಆದ್ರೂ ತಾಯಿ ಆಗ್ಲಿ ಪಾಪ ಅನ್ನೋ ಮಾತನ್ನ ನಾನು ನೂರು ಸಲ ಕೇಳಿದ್ದೀನಿ, ಹೇಳೋರ ಮನಸ್ಸು ಒಳ್ಳೇದೇ. ಆದ್ರೆ ಬೆಕ್ಕಿಗೆ ಅಂಥ ಆಸೆ ಇರಲ್ಲ, ಹಾರ್ಮೋನ್ ಎಳ್ಕೊಂಡು ಹೋಗುತ್ತೆ ಅಷ್ಟೇ. ಬದಲಿಗೆ ಆರು ತಿಂಗಳೊಳಗೆ ಆಪರೇಷನ್ ಆದ ಹೆಣ್ಣುಬೆಕ್ಕಿಗೆ ಮೊಲೆ ಕ್ಯಾನ್ಸರ್ ಬರೋ ಸಾಧ್ಯತೆ 91% ಕಮ್ಮಿ ಅಂತ 2005ರ ಒಂದು ಅಧ್ಯಯನದಲ್ಲಿ ಕಂಡುಬಂತು. ಗಂಡುಬೆಕ್ಕಿಗಂತೂ ಚಿಕ್ಕ ಆಪರೇಷನ್, ಸಂಜೆಗೆ ಓಡಾಡ್ಕೊಂಡಿರುತ್ತೆ, ಕಾದಾಟ, ಊರೂರು ಅಲೆಯೋದು, ಗೋಡೆಗೆ ಉಚ್ಚೆ ಚಿಮ್ಮಿಸೋದು ಎಲ್ಲ ಕಮ್ಮಿ ಆಗುತ್ತೆ. ಆಪರೇಷನ್ ದಿನ ಮರಿಯನ್ನ ಜಾಸ್ತಿ ಹೊತ್ತು ಉಪವಾಸ ಕೆಡವಬೇಡಿ, ಸಣ್ಣ ಮರಿಗೆ ರಕ್ತದಲ್ಲಿ ಸಕ್ಕರೆ ಬೇಗ ಇಳಿಯುತ್ತೆ, ಎಷ್ಟು ಗಂಟೆ ಅಂತ ಡಾಕ್ಟರನ್ನ ಕೇಳಿ ಅಷ್ಟೇ ಮಾಡಿ. ಮನೆಗೆ ತಂದ್ಮೇಲೆ ಹೊಲಿಗೆ ನೆಕ್ಕದ ಹಾಗೆ ನೋಡ್ಕೊಳ್ಳಿ. ನೋವಿಗೆ ಅಂತ ಮನುಷ್ಯರ ಮಾತ್ರೆ ಮಾತ್ರ ಕೊಡ್ಲೇಬೇಡಿ, ಪ್ಯಾರಾಸಿಟಮಾಲ್ ಒಂದೇ ಒಂದು ಮಾತ್ರೆ ಬೆಕ್ಕಿನ ಪ್ರಾಣ ತೆಗೆಯುತ್ತೆ.

ಬೀದಿ ಬೆಕ್ಕುಗಳ ಗುಂಪು ಇದ್ರೆ

ಇದೇ ಇಡೀ ಕೆಲಸದ ಹೃದಯ, ಸ್ವಲ್ಪ ಉದ್ದಕ್ಕೇ ಬರೀತೀನಿ.

ದಾರಿ ಇಷ್ಟು: ಬೋನಿಟ್ಟು ಹಿಡಿಯೋದು, ಆಪರೇಷನ್ ಮಾಡಿಸೋದು, ಲಸಿಕೆ ಹಾಕಿಸಿ ಹಿಡಿದ ಜಾಗದಲ್ಲೇ ವಾಪಸ್ ಬಿಡೋದು. ಇದನ್ನೇ ಟಿಎನ್ಆರ್ (ಟ್ರ್ಯಾಪ್, ನ್ಯೂಟರ್, ರಿಟರ್ನ್) ಅಂತಾರೆ. ಎಲ್ಲಾದ್ರೂ ದೂರ ಬಿಟ್ಬಂದ್ರೆ ಆಯ್ತಪ್ಪ ಅನ್ನೋರಿಗೆ ನನ್ನ ಉತ್ತರ ಒಂದೇ, ಆ ಜಾಗದಲ್ಲಿ ಊಟ ಇದೆ, ಅಡಗೋಕೆ ಸಂದಿ ಇದೆ, ಒಂದು ಗುಂಪು ಹೋದ್ರೆ ಅಕ್ಕಪಕ್ಕದಿಂದ ಆಪರೇಷನ್ ಆಗದ ಹೊಸ ಬೆಕ್ಕುಗಳು ಬಂದು ಸೇರ್ಕೊಳ್ತವೆ, ದೂರ ಬಿಟ್ಟಿದ್ದು ಗೊತ್ತಿಲ್ಲದ ಜಾಗದಲ್ಲಿ ಹಸಿದು ಸಾಯುತ್ತೆ.

ಇದು ಕೆಲಸ ಮಾಡುತ್ತಾ ಅಂದ್ರೆ, ಮಾಡುತ್ತೆ, ಆದ್ರೆ ಅರ್ಧಂಬರ್ಧ ಮಾಡಿದ್ರೆ ಮಾಡಲ್ಲ. ಅಮೆರಿಕದ ನ್ಯೂಬರಿಪೋರ್ಟ್ ಅನ್ನೋ ಊರಿನ ನದಿ ದಡದಲ್ಲಿ 1992ರಲ್ಲಿ ಸುಮಾರು 300 ಬೆಕ್ಕುಗಳಿದ್ವು, ಅಲ್ಲಿನ ಜನ ಸೇರಿ ಹಿಡಿದು, ಆಪರೇಷನ್ ಮಾಡಿಸಿ, ಪಳಗೋವಂಥವನ್ನ ಮನೆಗೆ ಸೇರಿಸಿ, ಉಳಿದವಕ್ಕೆ ಕೊನೇವರೆಗೂ ಊಟ ಹಾಕಿ ನೋಡ್ಕೊಂಡ್ರು, 2009ರಲ್ಲಿ ಆ ಗುಂಪಿನ ಕೊನೇ ಬೆಕ್ಕು ವಯಸ್ಸಾಗಿ ತೀರ್ಕೊಂಡಿತು. ಒಂದನ್ನೂ ಜಾಗಕ್ಕೋಸ್ಕರ ಸಾಯಿಸ್ಲಿಲ್ಲ. ಇಸ್ರೇಲಿನ ರಿಷೋನ್ ಲೆಟ್ಸಿಯೋನ್ ಊರಿನಲ್ಲಿ 12 ವರ್ಷ ಲೆಕ್ಕ ಇಟ್ಟು ನೋಡಿದ ಅಧ್ಯಯನ 2022ರಲ್ಲಿ ಬಂತು, ಅಲ್ಲಿ ಗೊತ್ತಾಗಿದ್ದು ಏನಂದ್ರೆ ಊರಿನ ಕೆಲವು ಭಾಗದಲ್ಲಿ ಮಾತ್ರ ಮಾಡಿದಾಗ ಬೆಕ್ಕುಗಳು ಕಮ್ಮಿ ಆಗ್ಲಿಲ್ಲ, ಒಂದಕ್ಕೊಂದು ಅಂಟಿರೋ ಎಲ್ಲ ಏರಿಯಾಗಳಲ್ಲೂ ಜೋರಾಗಿ, 70%ಗಿಂತ ಜಾಸ್ತಿ ಬೆಕ್ಕುಗಳಿಗೆ ಆಪರೇಷನ್ ಆದ್ಮೇಲೆನೇ ವರ್ಷಕ್ಕೆ 7%ನಷ್ಟು ಇಳಿಯೋಕೆ ಶುರುವಾಗಿದ್ದು. ಅದಕ್ಕೇ ಹೇಳೋದು, ಹತ್ತು ಗುಂಪುಗಳಲ್ಲಿ ಎರಡೆರಡು ಬೆಕ್ಕು ಹಿಡಿಯೋದಕ್ಕಿಂತ ಒಂದೇ ಗುಂಪನ್ನ ಪೂರ್ತಿ ಮುಗಿಸಿ ಪಕ್ಕದ್ದಕ್ಕೆ ಹೋಗಿ. ನಾನೇ ಮೊದಲ ವರ್ಷ ಸಿಕ್ಕಿದ್ದನ್ನ ಹಿಡ್ಕೊಂಡು ಓಡಾಡಿ, ವರ್ಷದ ಕೊನೆಗೆ ಎಣಿಸಿದ್ರೆ ಎಲ್ಲ ಕಡೆ ಮೊದಲಿನಷ್ಟೇ ಮರಿಗಳು.

ಈಗ ಕೈಯಾರೆ ಮಾಡೋದು ಹೇಗೆ ಅಂತ. ಮೊದಲು ಎಣಿಸಿ, ಫೋಟೋ ತೆಗೆದು ಪ್ರತಿಯೊಂದಕ್ಕೂ ಒಂದು ಗುರುತು ಬರ್ಕೊಳ್ಳಿ, ಒಂದು ಕಿವಿಯ ತುದಿ ನೇರಕ್ಕೆ ಕತ್ತರಿಸಿದಂಗೆ ಇದ್ರೆ ಅದಕ್ಕೆ ಆಗ್ಲೇ ಆಪರೇಷನ್ ಆಗಿದೆ ಅಂತ ಅರ್ಥ, ಮಂಪರಿನಲ್ಲಿರೋವಾಗ್ಲೇ ಅದನ್ನ ತೆಗೆಯೋದ್ರಿಂದ ನೋವಾಗಲ್ಲ, ಎರಡನೇ ಸಲ ಹಿಡಿದು ಹೊಟ್ಟೆ ಕುಯ್ಯೋ ಕಷ್ಟ ತಪ್ಪುತ್ತೆ. ಊಟ ಹಾಕೋರು ಯಾರಿದ್ದಾರೆ ಅಂತ ಹುಡುಕಿ, ಅವರು ಸಾಮಾನ್ಯವಾಗಿ ಯಾರಿಗೂ ಹೇಳ್ದೆ ಸುಮ್ನೆ ಹಾಕ್ತಿರ್ತಾರೆ, ಹೆದರ್ತಾರೆ, ನಿಧಾನಕ್ಕೆ ಮಾತಾಡ್ಸಿ, ಅವರಿಲ್ದೆ ಈ ಕೆಲಸ ಆಗಲ್ಲ. ಒಂದೆರಡು ವಾರ ದಿನಾ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ ಊಟ, ಅರ್ಧ ಗಂಟೆಗೆ ತಟ್ಟೆ ಎತ್ತಿಡೋದು. ಆಮೇಲೆ ಬೋನನ್ನ ಬಾಗಿಲು ಬೀಳದ ಹಾಗೆ ಕಟ್ಟಿ ಅದರೊಳಗೇ ಊಟ ಇಡಿ, ನಾಲ್ಕು ದಿನಕ್ಕೆ ಆರಾಮಾಗಿ ಒಳಗೆ ಹೋಗಿ ತಿಂತವೆ. ಡಾಕ್ಟರ್ ಹತ್ರ ಎಷ್ಟು ಬೆಕ್ಕಿಗೆ ಟೈಮ್ ಸಿಕ್ಕಿದೆ ಅಂತ ಗಟ್ಟಿ ಮಾಡ್ಕೊಂಡೇ ಬೋನು ಇಡಿ, ಹಿಡಿದ್ಮೇಲೆ ಫೋನ್ ಮಾಡೋದಲ್ಲ.

ಹಿಡಿಯೋಕೆ ಹಿಂದಿನ ದಿನ ಊಟ ಬಂದ್, ನೀರು ಮಾತ್ರ ಇರ್ಲಿ. ಬೋನಿನ ತಳಕ್ಕೆ ಪೇಪರ್ ಹಾಸಿ, ಬಾಗಿಲು ಬೀಳಿಸೋ ಪ್ಲೇಟಿನ ಆಚೆಗೆ ಗಮ್ಮಂತ ವಾಸನೆ ಬರೋ ಮೀನು, ಬಾಗಿಲಿಂದ ಒಳಗಿನವರೆಗೂ ಒಂದೊಂದು ಚೂರು. ದೂರ ಕೂತು ಕಾಯಿರಿ, ಬೋನು ಇಟ್ಟು ಮನೆಗೆ ಹೋಗೋದು ಮಹಾ ತಪ್ಪು, ಬಿಸಿಲಿಗೋ ಮಳೆಗೋ ನಾಯಿಗೋ ಸಿಕ್ಕಿ ಒದ್ದಾಡುತ್ತೆ. ಬಾಗಿಲು ಬಿದ್ದ ತಕ್ಷಣ ಬೆಕ್ಕು ಹುಚ್ಚೆದ್ದಂಗೆ ಆಡುತ್ತೆ, ಆಗ ಒಂದು ದಪ್ಪ ಬಟ್ಟೆ ಪೂರ್ತಿ ಮುಚ್ಚಿಬಿಡಿ, ಕತ್ತಲಾದ್ರೆ ಒಂದು ನಿಮಿಷದಲ್ಲಿ ಸುಮ್ನಾಗುತ್ತೆ. ಬೆರಳು ಒಳಗೆ ಹಾಕಬೇಡಿ, ಕಚ್ಚಿದ್ರೆ ಸೋಪು ನೀರಲ್ಲಿ 15 ನಿಮಿಷ ತೊಳೆದು ನೇರ ಆಸ್ಪತ್ರೆಗೆ, ನಾಳೆ ನೋಡೋಣ ಅನ್ಬೇಡಿ. ಎಷ್ಟು ಸಲ ಇಟ್ರೂ ಬೋನಿಗೆ ಬರದ ಜಾಣ ಬೆಕ್ಕೊಂದು ಪ್ರತಿ ಗುಂಪಲ್ಲೂ ಇದ್ದೇ ಇರುತ್ತೆ, ಹೆಚ್ಚಾಗಿ ಅದು ಹತ್ತಾರು ಸಲ ಮರಿ ಹಾಕಿರೋ ಹೆಣ್ಣೇ ಆಗಿರುತ್ತೆ, ಅದಕ್ಕೆ ಮೇಲಿಂದ ಬೀಳೋ ದೊಡ್ಡ ಡ್ರಾಪ್ ಟ್ರ್ಯಾಪ್ ಬೇಕಾಗುತ್ತೆ.

ಹಾಲು ಕೊಡ್ತಿರೋ ತಾಯಿ ಸಿಕ್ಕಿಬಿದ್ರೆ ಡಾಕ್ಟರಿಗೆ ಮೊದಲೇ ಹೇಳಿ, ಮೊದಲ ಸರದಿ ಕೊಡ್ತಾರೆ, ಆಪರೇಷನ್ ಆದ್ರೂ ಹಾಲು ನಿಲ್ಲಲ್ಲ, ಪೂರ್ತಿ ಎಚ್ಚರ ಆದ್ಮೇಲೆ ಆವತ್ತೇ ಬಿಟ್ರೆ ಮರಿಗಳ ಹತ್ರ ಓಡುತ್ತೆ. ಉಳಿದ ಹೆಣ್ಣುಗಳನ್ನ ಒಂದು ದಿನ, ಗಂಡನ್ನ ಒಂದು ರಾತ್ರಿ, ಬೆಚ್ಚಗಿನ ಜಾಗದಲ್ಲಿ ಮುಚ್ಚಿದ ಬೋನಿನಲ್ಲೇ ಇಟ್ಕೊಳ್ಳಿ. ಕರಗೋ ಹೊಲಿಗೆ, ದೀರ್ಘಕಾಲ ಕೆಲಸ ಮಾಡೋ ನೋವಿನ ಇಂಜೆಕ್ಷನ್, ರೇಬೀಸ್ ಲಸಿಕೆ ಮೂರನ್ನೂ ಕೇಳಿ ಹಾಕಿಸಿ, ಯಾಕಂದ್ರೆ ಈ ಬೆಕ್ಕನ್ನ ಮತ್ತೆ ಹಿಡಿಯೋಕೆ ಆಗಲ್ಲ. ತೂರಾಡ್ತಿರೋ ಬೆಕ್ಕನ್ನ ಬಿಡಬೇಡಿ. ಬಿಡೋವಾಗ ಬಾಗಿಲನ್ನ ರಸ್ತೆ ಇಲ್ಲದ ಕಡೆಗೆ ತಿರುಗಿಸಿ ತೆಗೆದು ಹಿಂದೆ ಸರೀರಿ.

ಅಕ್ಕಪಕ್ಕದೋರ ಕಿರಿಕಿರಿಯನ್ನ ತಳ್ಳಿ ಹಾಕಬೇಡಿ. ವಾಸನೆ, ರಾತ್ರಿ ಕೂಗಾಟ, ಗಿಡದ ಬುಡದಲ್ಲಿ ಹೇಲು, ಇವೆಲ್ಲ ನಿಜವಾದ ತೊಂದರೆಗಳೇ, ಒಂದು ಮೂಲೇಲಿ ಸಡಿಲ ಮರಳು ಹಾಕಿ ಎರಡು ದಿನಕ್ಕೊಮ್ಮೆ ನೀವೇ ಎತ್ತಿ, ಕೂಗಾಟ ಆಪರೇಷನ್ ಆದ್ಮೇಲೆ ತಾನಾಗೇ ಇಳಿಯುತ್ತೆ. ಹಕ್ಕಿಗಳು ಗೂಡು ಕಟ್ಟೋ ಜಾಗದ ಹತ್ರ ಊಟ ಹಾಕಬೇಡಿ, ಬೆಕ್ಕು ಬೇಟೆಗಾರ ಪ್ರಾಣಿ, ಹಕ್ಕಿಗೂ ಜೀವ ಇದೆ.

ಮರಿ ಕಂಡ ತಕ್ಷಣ ಎತ್ಕೊಬೇಡಿ

ಬೆಕ್ಕು ಮರೀನ ಏಳು ಮನೆ ಸುತ್ತಿಸುತ್ತೆ ಅಂತ ಅಜ್ಜಿಯರು ಹೇಳ್ತಿದ್ದಿದ್ದು ಸುಳ್ಳಲ್ಲ, ತಾಯಿ ಒಂದೊಂದೇ ಮರಿ ಕಚ್ಕೊಂಡು ಜಾಗ ಬದಲಾಯಿಸ್ತಾ ಇರುತ್ತೆ, ಆ ಮಧ್ಯದಲ್ಲಿ ನಾವು ನೋಡಿ ಅಯ್ಯೋ ಅನಾಥ ಮರಿ ಅಂತ ಶೆಲ್ಟರಿಗೆ ತಗೊಂಡು ಹೋಗ್ಬಿಡ್ತೀವಿ. ಶೆಲ್ಟರಿನಲ್ಲಿ ಮೊದಲು ಸಾಯೋದು ಇಂಥ ಹಾಲು ಕುಡಿಯೋ ಮರಿಗಳೇ, ಹಗಲು ರಾತ್ರಿ ಎರಡು ಮೂರು ಗಂಟೆಗೊಮ್ಮೆ ಹಾಲು ಕೊಡೋಕೆ ಅಲ್ಲಿ ಕೈ ಇರಲ್ಲ. ಮರಿಗಳು ಮೈ ಶುಚಿಯಾಗಿ, ಹೊಟ್ಟೆ ತುಂಬಿ, ಒಂದರ ಮೇಲೊಂದು ಬಿದ್ದು ನಿದ್ದೆ ಮಾಡ್ತಿದ್ರೆ ತಾಯಿ ಬಂದು ಹೋಗ್ತಿದೆ. ದೂರದಿಂದ ಕೆಲವು ಗಂಟೆ ನೋಡಿ. ಕಾಯೋಕೆ ಆಗಲ್ವಾ, ಸುತ್ತ ತೆಳ್ಳಗೆ ಹಿಟ್ಟು ಉದುರಿಸಿ ಹೋಗಿ, ವಾಪಸ್ ಬಂದಾಗ ಹೆಜ್ಜೆ ಗುರುತು ಇದ್ರೆ ತಾಯಿ ಬಂದಿತ್ತು ಅಂತ. ಮೈ ಕೊಳಕಾಗಿ, ತಣ್ಣಗಾಗಿ, ಬಿಡದೆ ಅಳ್ತಿದ್ರೆ ಮಾತ್ರ ಎತ್ಕೊಳ್ಳಿ.

ಎತ್ಕೊಂಡ್ರೆ ಮೊದಲು ಬೆಚ್ಚಗೆ ಮಾಡಿ, ಆಮೇಲೆ ಹಾಲು. ತಣ್ಣಗಿರೋ ಮರಿಗೆ ಜೀರ್ಣ ಆಗಲ್ಲ, ಹಾಲು ಕೊಟ್ಟೇ ಎಷ್ಟೋ ಮರಿ ಕಳ್ಕೊಳ್ತಾರೆ. ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕಕ್ಕಿಡಿ, ಬೇಕಾದ್ರೆ ಸರಿಯೋಕೆ ಜಾಗ ಬಿಡಿ. ಹಸುವಿನ ಹಾಲು ಬೇಡ, ಭೇದಿ ಆಗುತ್ತೆ, ಬೆಕ್ಕಿನ ಮರಿಗೇ ಅಂತ ಸಿಗೋ ಹಾಲಿನ ಪುಡಿ ತನ್ನಿ. ಮನುಷ್ಯರ ಮಗುವಿನ ಥರ ಅಂಗಾತ ಮಲಗಿಸಿ ಕುಡಿಸಬೇಡಿ, ಹೊಟ್ಟೆ ಕೆಳಗೆ ಮಾಡಿಯೇ ಕುಡಿಸಿ, ಇಲ್ಲಾಂದ್ರೆ ಹಾಲು ಶ್ವಾಸಕೋಶಕ್ಕೆ ಹೋಗುತ್ತೆ. ಪ್ರತಿ ಸಲ ಒದ್ದೆ ಹತ್ತಿಯಿಂದ ಹಿಂದೆ ಮೆಲ್ಲಗೆ ಒರೆಸಿದ್ರೇನೇ ಉಚ್ಚೆ ಹೇಲು ಬರೋದು, ತಾಯಿ ನೆಕ್ಕೋ ಕೆಲಸ ಅದು. ಅಡುಗೆಮನೆ ತಕ್ಕಡಿಯಲ್ಲಿ ದಿನಾ ತೂಗಿ. ಹುಟ್ಟಿದಾಗ ಸುಮಾರು 100 ಗ್ರಾಂ, ದಿನಕ್ಕೆ 10ರಿಂದ 15 ಗ್ರಾಂ ಏರ್ಬೇಕು, ಒಂದಿಡೀ ದಿನ ಏರ್ಲಿಲ್ಲ ಅಂದ್ರೆ ಡಾಕ್ಟರ್.

ಎರಡರಿಂದ ಏಳು ವಾರದ ನಡುವೆ ಮನುಷ್ಯರ ಕೈ ಅಭ್ಯಾಸ ಆದ್ರೆ ಅದು ಮನೆ ಬೆಕ್ಕಾಗುತ್ತೆ. ನಾಲ್ಕು ತಿಂಗಳು ದಾಟಿದ ಕಾಡು ಸ್ವಭಾವದ ಬೆಕ್ಕನ್ನ ಪಂಜರದಲ್ಲಿಟ್ಟು ಪಳಗಿಸ್ತೀನಿ ಅಂತ ಹಠ ಮಾಡೋದು ಅದಕ್ಕೆ ಹಿಂಸೆ, ಆಪರೇಷನ್ ಮಾಡಿಸಿ ಅದರ ಜಾಗಕ್ಕೆ ಬಿಡಿ.

ಸಾಕಿದ ಬೆಕ್ಕು ಶೆಲ್ಟರ್ ಸೇರದ ಹಾಗೆ

ಬೆಕ್ಕನ್ನ ಕೊಡೋಕೆ ಬರೋರಲ್ಲಿ ಕೆಟ್ಟವರು ತುಂಬಾ ಕಮ್ಮಿ. ಏನಾಯ್ತು ಅಂತ ಕೂರಿಸಿ ಕೇಳಿದ್ರೆ ಅರ್ಧಕ್ಕರ್ಧ ಸಮಸ್ಯೆ ಅಲ್ಲೇ ಬಗೆಹರಿಯುತ್ತೆ. ಎಲ್ಲೆಂದ್ರಲ್ಲಿ ಉಚ್ಚೆ ಮಾಡುತ್ತೆ ಅಂದ್ರೆ ಮೊದಲು ಡಾಕ್ಟರ್, ಮೂತ್ರದ ತೊಂದರೆ ಇರ್ಬಹುದು, ಅದರಲ್ಲೂ ಗಂಡುಬೆಕ್ಕು ತಿಣುಕಿ ತಿಣುಕಿ ಒಂದು ಹನಿಯೂ ಬರ್ತಿಲ್ಲ ಅಂದ್ರೆ ಅದು ಎಮರ್ಜೆನ್ಸಿ, ಮಾರನೇ ದಿನದವರೆಗೆ ಕಾಯಬೇಡಿ. ಕಾಯಿಲೆ ಇಲ್ಲಾಂದ್ರೆ ಟ್ರೇ ನೋಡಿ, ಬೆಕ್ಕುಗಳಿಗಿಂತ ಒಂದು ಟ್ರೇ ಜಾಸ್ತಿ ಇರ್ಬೇಕು, ದೊಡ್ಡದಿರ್ಬೇಕು, ಊಟದ ತಟ್ಟೆಯಿಂದ ದೂರ ಇರ್ಬೇಕು, ದಿನಾ ಎತ್ತಬೇಕು.

ಮನೇಲಿ ಯಾರೋ ಗರ್ಭಿಣಿ, ಡಾಕ್ಟರ್ ಬೆಕ್ಕು ಬೇಡ ಅಂದ್ರು ಅಂತ ಬರೋರು ತುಂಬಾ. ಹೊಟ್ಟೆಯಲ್ಲಿರೋ ಮಗುವಿಗೆ ತೊಂದರೆ ಮಾಡಬಹುದಾದ ಟಾಕ್ಸೊಪ್ಲಾಸ್ಮಾ ಅನ್ನೋ ರೋಗಾಣುವಿನ ಭಯ ಅದು, ಭಯ ಸುಳ್ಳಲ್ಲ, ಆದ್ರೆ ಬೆಕ್ಕಿನ ಹೇಲಿನಲ್ಲಿ ಬರೋ ಆ ರೋಗಾಣು ಸೋಂಕು ಹರಡೋ ಸ್ಥಿತಿಗೆ ಬರೋಕೆ ಒಂದರಿಂದ ಐದು ದಿನ ಬೇಕು. ಟ್ರೇಯನ್ನ ಮನೇಲಿ ಬೇರೆ ಯಾರಾದ್ರೂ ದಿನಾ ತಪ್ಪದೆ ಖಾಲಿ ಮಾಡಿದ್ರೆ, ಬೆಕ್ಕಿಗೆ ಹಸಿ ಮಾಂಸ ಕೊಡದೆ ಒಳಗೇ ಇಟ್ಕೊಂಡ್ರೆ, ಗರ್ಭಿಣಿಯೂ ಅರೆಬೆಂದ ಮಾಂಸ, ತೊಳೆಯದ ಸೊಪ್ಪು ತರಕಾರಿ ಬಿಟ್ರೆ ಬೆಕ್ಕನ್ನ ಹೊರಗೆ ಹಾಕೋ ಅಗತ್ಯ ಇಲ್ಲ. ಇದನ್ನ ಅವರ ಡಾಕ್ಟರ್ ಹತ್ರಾನೇ ಇನ್ನೊಂದ್ಸಲ ಮಾತಾಡೋಕೆ ಹೇಳಿ.

ಕಳೆದುಹೋದ ಬೆಕ್ಕಿನ ವಿಷಯ ಬೇರೆ. 2018ರ ಒಂದು ಅಧ್ಯಯನದಲ್ಲಿ ಸಿಕ್ಕಿದ ಬೆಕ್ಕುಗಳಲ್ಲಿ 75% ತಪ್ಪಿಸ್ಕೊಂಡ ಜಾಗದಿಂದ 500 ಮೀಟರ್ ಒಳಗೇ ಇದ್ವು, ಅಂದ್ರೆ ಪೋಸ್ಟರ್ ಅಂಟಿಸಿ ಮನೇಲಿ ಕೂರೋದಲ್ಲ, ರಾತ್ರಿ ಗಲಾಟೆ ಇಳಿದ್ಮೇಲೆ ಟಾರ್ಚ್ ಹಿಡ್ಕೊಂಡು ಅಕ್ಕಪಕ್ಕದ ಮನೆಗಳ ಸಂದಿ, ಕಾರಿನ ಕೆಳಗೆ, ಮೆಟ್ಟಿಲ ಕೆಳಗೆ ಬಗ್ಗಿ ನೋಡ್ಬೇಕು, ಕಣ್ಣು ಹೊಳೆಯುತ್ತೆ. ಚರ್ಮದ ಕೆಳಗೆ ಹಾಕೋ ಗುರುತಿನ ಮೈಕ್ರೋಚಿಪ್ ಹಾಕಿಸಿ, ನಿಮ್ಮ ಫೋನ್ ನಂಬರ್ ಬದಲಾದ್ರೆ ಚಿಪ್ ನೋಂದಣಿಯಲ್ಲೂ ಬದಲಾಯಿಸಿ. ಅಮೆರಿಕದ ಶೆಲ್ಟರ್‌ಗಳ 2009ರ ಅಧ್ಯಯನದಲ್ಲಿ ಬೀದಿಯಿಂದ ಬಂದ ಬೆಕ್ಕುಗಳಲ್ಲಿ ಒಟ್ಟಾರೆ 2% ಕೂಡ ಮನೆ ಸೇರ್ಲಿಲ್ಲ, ಚಿಪ್ ಇದ್ದವುಗಳಲ್ಲಿ 38% ಮೇಲೆ ಸೇರಿದ್ವು.

ಶೆಲ್ಟರ್ ಒಳಗೆ ಕೈ ಜೋಡಿಸೋದಾದ್ರೆ

ಬೆಕ್ಕು ಅಲ್ಲಿ ಎಷ್ಟು ದಿನ ಜಾಸ್ತಿ ಇರುತ್ತೋ ಅಷ್ಟು ಅಪಾಯ. ಒತ್ತಡಕ್ಕೆ ಮೈಯೊಳಗೆ ಮಲಗಿರೋ ಹರ್ಪಿಸ್ ವೈರಸ್ ಏಳುತ್ತೆ, ಶೀತ, ಕಣ್ಣಲ್ಲಿ ನೀರು, ಊಟ ಬಿಡೋದು, ಆಮೇಲೆ ಕಾಯಿಲೆ ಬೆಕ್ಕು ಅಂತ ಯಾರೂ ತಗೊಳ್ಳಲ್ಲ. ಒಂದು ರಟ್ಟಿನ ಡಬ್ಬ ಪಂಜರದೊಳಗೆ ಇಡಿ. ಇಷ್ಟೇ. ನೆದರ್ಲ್ಯಾಂಡ್ಸ್‌ನಲ್ಲಿ 2014ರ ಅಧ್ಯಯನದಲ್ಲಿ ಅಡಗೋಕೆ ಡಬ್ಬ ಸಿಕ್ಕಿದ ಬೆಕ್ಕುಗಳು ಸಿಗದವಕ್ಕಿಂತ ಬೇಗ ಹೊಂದ್ಕೊಂಡ್ವು. ನಿಮ್ಮನೇಲಿ ಒಂದು ಖಾಲಿ ರೂಮೋ ಬಾತ್‌ರೂಮೋ ಇದ್ರೆ ಎರಡು ಮೂರು ವಾರಕ್ಕೆ ಫಾಸ್ಟರ್ ಆಗಿ, ಅಂದ್ರೆ ಶೆಲ್ಟರ್ ಬೆಕ್ಕನ್ನ ತಾತ್ಕಾಲಿಕವಾಗಿ ಮನೇಲಿಟ್ಟು ನೋಡ್ಕೊಳ್ಳಿ, ಮರಿ ಇರೋ ತಾಯಿಗಳನ್ನ ಮೊದಲು ಕೇಳಿ ತಗೊಳ್ಳಿ, ನಿಮ್ಮ ಬೆಕ್ಕುಗಳಿಂದ ಎರಡು ವಾರ ಬೇರೆ ಇಡಿ.

ಶೆಲ್ಟರ್ ನಡೆಸೋರ ಹತ್ರ ಮಾತಾಡೋ ಅವಕಾಶ ಸಿಕ್ರೆ ಅಮೆರಿಕದ ಸ್ಯಾನ್ ಹೊಸೆ ನಗರದ ಉದಾಹರಣೆ ಹೇಳಿ. ಅಲ್ಲಿ 2010ರಿಂದ, ಶೆಲ್ಟರಿಗೆ ಬಂದ ಆರೋಗ್ಯವಂತ ಬೀದಿ ಬೆಕ್ಕುಗಳನ್ನ ಸಾಯಿಸೋ ಬದಲು ಆಪರೇಷನ್ ಮಾಡಿ ಬಂದ ಜಾಗಕ್ಕೇ ಬಿಡ್ತಾ ಬಂದ್ರು, ನಾಲ್ಕು ವರ್ಷದಲ್ಲಿ 10,080 ಬೆಕ್ಕು, ಸಾಯಿಸೋ ಪ್ರಮಾಣ 2009ರಲ್ಲಿ 70% ಮೇಲಿದ್ದಿದ್ದು 2014ಕ್ಕೆ 23%ಗೆ ಬಂತು, ಶೆಲ್ಟರಿಗೆ ಬರೋ ಬೆಕ್ಕುಗಳೂ 29% ಕಮ್ಮಿ ಆದ್ವು.

ದತ್ತು ಕೊಡೋವಾಗ ಪೊಲೀಸ್ ವಿಚಾರಣೆ ಥರ ಫಾರ್ಮ್ ತುಂಬಿಸ್ಬೇಡಿ. ಬಾಡಿಗೆ ಮನೆ ಅಂತ, ಒಂಟಿ ಇದ್ದಾರೆ ಅಂತ, ವಯಸ್ಸಾಗಿದೆ ಅಂತ ಬೇಡ ಅಂದ್ರೆ ಅವರು ಬೇರೆ ಕಡೆಯಿಂದ ಆಪರೇಷನ್ ಆಗದ ಮರಿ ತರ್ತಾರೆ. ಫೀಸ್ ಇಲ್ದೆ ಕೊಟ್ರೆ ಬೆಲೆ ಗೊತ್ತಿರಲ್ಲ ಅಂತಾರಲ್ಲ, ಅದನ್ನೂ 2009ರಲ್ಲಿ ಅಳೆದು ನೋಡಿದ್ದಾರೆ, ಫೀಸ್ ಕೊಟ್ಟೋರಿಗೂ ಕೊಡದೋರಿಗೂ ಬೆಕ್ಕಿನ ಮೇಲಿನ ಪ್ರೀತಿಯಲ್ಲಿ ವ್ಯತ್ಯಾಸ ಸಿಗ್ಲಿಲ್ಲ. ಕೂತು ಮಾತಾಡಿ, ದಿನ ಹೇಗಿರುತ್ತೆ, ಮನೇಲಿ ಯಾರ್ಯಾರಿದ್ದಾರೆ ಕೇಳಿ, ಅದಕ್ಕೆ ಹೊಂದೋ ಬೆಕ್ಕನ್ನ ತೋರಿಸಿ.

ಕೊಟ್ಟ ಮೂರನೇ ದಿನ ಫೋನ್ ಮಾಡಿ. ಮಂಚದ ಕೆಳಗಿಂದ ಈಚೆ ಬರ್ತಿಲ್ಲ ಅಂತಾರೆ, ಅದು ಸಹಜ, ಒಂದು ಚಿಕ್ಕ ರೂಮಲ್ಲಿ ಟ್ರೇ, ಊಟ, ಡಬ್ಬ ಇಟ್ಟು ಬಿಟ್ಬಿಡಿ ಅನ್ನಿ. ತಿಂತಿದ್ಯಾ ಅಂತ ಮಾತ್ರ ತಪ್ಪದೆ ಕೇಳಿ, ಎರಡು ದಿನ ಏನೂ ತಿನ್ನದ ಬೆಕ್ಕಿಗೆ ಲಿವರ್ ಕೆಡೋಕೆ ಶುರುವಾಗುತ್ತೆ, ಡಾಕ್ಟರ್ ಹತ್ರ ಕಳಿಸಿ. ಮೂರು ವಾರಕ್ಕೆ ಇನ್ನೊಂದು ಫೋನ್. ಆಗಲ್ಲ, ವಾಪಸ್ ಕೊಡ್ತೀವಿ ಅಂದ್ರೆ ಬೈಬೇಡಿ, ಬೈದ್ರೆ ಮುಂದಿನವರು ಹೇಳ್ದೆ ಬೀದಿಗೆ ಬಿಡ್ತಾರೆ. ಬನ್ನಿ ಅನ್ನಿ, ಬೆಕ್ಕನ್ನ ತಗೊಳ್ಳಿ, ಅಲ್ಲಿ ಅದು ಮಕ್ಕಳ ಹತ್ರ ಹೇಗಿತ್ತು, ನಾಯಿಗೆ ಹೆದರ್ತಾ, ಎಲ್ಲಿ ಮಲಗ್ತಿತ್ತು, ಏನು ಇಷ್ಟಪಟ್ಟು ತಿಂತಿತ್ತು ಎಲ್ಲ ಕೇಳಿ ಬರ್ಕೊಳ್ಳಿ, ಅದಕ್ಕೆ ಮುಂದಿನ ಮನೆ ಹುಡುಕೋವಾಗ ಆ ಚೀಟಿ ಬೇಕಾಗುತ್ತೆ.